ಸ್ಪಷ್ಟನೆ: ಎಂಆರ್‌ಐ ಸಹಜವಾಗಿದ್ದರೂ ಗ್ಲುಟಾರಿಕ್ ಅಸಿಡ್ಯೂರಿಯಾ ಇರಬಹುದು

ಶಿಶುವಿನ ಮೆದುಳಿನ ಎಂಆರ್‌ಐ ಸಹಜವಾಗಿದ್ದರೆ ಗ್ಲುಟಾರಿಕ್ ಅಸಿಡ್ಯೂರಿಯಾ ಟೈಪ್ 1 ಇಲ್ಲವೆಂದೇ ಅರ್ಥ ಎಂಬ ಮಾತು ಪೋಷಕರ ನಡುವೆ ಹರಿದಾಡುತ್ತಿದ್ದು, ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಪ್ರೋಟೀನ್‌ನಲ್ಲಿರುವ ಅಮೈನೊ ಆಮ್ಲಗಳಾದ ಲೈಸಿನ್, ಟ್ರಿಪ್ಟೊಫ್ಯಾನ್‌ಗಳ ವಿಭಜನೆಗೆ ಬೇಕಾದ ಕಿಣ್ವದ ಕೊರತೆಯಿಂದ ಬರುವ ಈ ಆನುವಂಶಿಕ ಕಾಯಿಲೆಯಲ್ಲಿ, ದೊಡ್ಡ ತಲೆ ಮತ್ತು ಸ್ಕ್ಯಾನ್‌ನಲ್ಲಿ ಮೆದುಳಿನ ಎರಡೂ ಬದಿ ಅಗಲವಾಗಿ ಕಾಣುವ ಸಿಲ್ವಿಯನ್ ಬಿರುಕುಗಳು (ಮೆದುಳಿನ ಪಕ್ಕದಲ್ಲಿ ಸಹಜವಾಗಿಯೇ ಇರುವ ಆಳವಾದ ಸೀಳುಗಳು) ಬಲವಾದ ಸುಳಿವುಗಳೇ ಆದರೂ, ಅವು ಎಲ್ಲ ಶಿಶುಗಳಲ್ಲೂ ಕಾಣಿಸುವುದಿಲ್ಲ. ರೋಗ ಖಚಿತವಾಗುವುದು ರಕ್ತದ ಗ್ಲುಟಾರಿಲ್‌ಕಾರ್ನಿಟಿನ್, ಮೂತ್ರದ 3-ಹೈಡ್ರಾಕ್ಸಿಗ್ಲುಟಾರಿಕ್ ಆಮ್ಲ ಹಾಗೂ ಈ ಕಿಣ್ವಕ್ಕೆ ಸಂಬಂಧಿಸಿದ ಜಿಸಿಡಿಎಚ್ ವಂಶವಾಹಿಯ ಪರೀಕ್ಷೆಗಳಿಂದ. ಒಂದು ಜ್ವರ ಅಥವಾ ವಾಂತಿ-ಭೇದಿಯೇ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಆಳದ ಭಾಗವಾದ ಬೇಸಲ್ ಗ್ಯಾಂಗ್ಲಿಯಾಕ್ಕೆ ಸರಿಪಡಿಸಲಾಗದ ಹಾನಿ ಮಾಡಬಲ್ಲದು. ಆ ಹಾನಿ ಚಿತ್ರದಲ್ಲಿ ಮೂಡುವವರೆಗೆ ಕಾದರೆ, ಲೈಸಿನ್ ಮಿತಗೊಳಿಸಿದ ಆಹಾರ, ಕಾರ್ನಿಟಿನ್ ಮತ್ತು ಕಾಯಿಲೆ ಬಿದ್ದಾಗಿನ ತುರ್ತು ಚಿಕಿತ್ಸೆಯಿಂದ ಮಗುವನ್ನು ಕಾಪಾಡಬಹುದಾಗಿದ್ದ ಕಾಲವೇ ಕೈತಪ್ಪುತ್ತದೆ.