ಎಲ್ಲ ಟ್ರ್ಯಾಕಿನಲ್ಲೂ ಗಿರಣಿ

ಅವ್ವನಿಗೆ ದಾಸರ ಪದ ನೂರೈವತ್ತಾದರೂ ಬಾಯಿಪಾಠ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಎಲ್ಲರೂ ನಮ್ಮ ರಾಯಚೂರು ಜಿಲ್ಲೆಯವರೇ ಅಲ್ವಾ? ಇಷ್ಟು ಪದಗಳನ್ನು ಸುಮ್ನೆ ಮೊಬೈಲಿನಲ್ಲಿ ಹಿಡಿದಿಟ್ಟರೆ ಸಾಲದು, ದನಿ, ಹಾರ್ಮೋನಿಯಂ, ತಬಲಾ, ತಾಳ ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರಬೇಕು ಎಂಬ ಹುಚ್ಚು ನನಗೆ ಹತ್ತಿತು.

ಮನೆಯ ಹಳೇ ಲ್ಯಾಪ್‌ಟಾಪ್ ಎರಡು ಟ್ರ್ಯಾಕಿನವರೆಗೆ ಮರ್ಯಾದೆಯಿಂದ ನಡೆಯಿತು. ಮೂರನೆಯದಕ್ಕೆ ಹಪ್ಪಳ ಮುರಿದಂತೆ ಪಟಪಟ ಸದ್ದು. ಬಫರನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕುಗಳ ಲೆಕ್ಕವನ್ನು, 1024ಕ್ಕೆ ಏರಿಸಿದೆ. ಪಟಪಟ ನಿಂತಿತು, ಆದರೆ ತಬಲಾ ಮಾಸ್ತರರು ಹೆಡ್‌ಫೋನ್ ಕಿತ್ತಿಟ್ಟರು.

"ತಮ್ಮಾ, ನಾ ಹೊಡದ ಧಾ ನನಗs ತಡಾ ಆಗಿ ಕೇಳಾಕತ್ತೈತಿ. ಯಾವ ಧಾ ನಂಬಲಿ?"

ಲೆಕ್ಕ ಹಾಕಿದೆ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಅಂಥ ತುಣುಕು. 1024 ಅಂದರೆ 23 ಮಿಲಿಸೆಕೆಂಡ್. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ 50. ಬಫರ್ 128 ಇಟ್ಟರೆ ಒಂದು ಕಡೆಗೆ ಮೂರೇ ಮಿಲಿಸೆಕೆಂಡ್. ಆದರೆ ಅಷ್ಟು ಅವಸರದ ಕೆಲಸಕ್ಕೆ ಪ್ರೊಸೆಸರ್ ಗಟ್ಟಿ ಇರಬೇಕು. ಹೊಸ ಕಂಪ್ಯೂಟರ್ ಕೊಳ್ಳಲು ಮಾಸ್ತರರ ಧಾ ಒಳ್ಳೆ ನೆಪವಾಯಿತು.

ಅಂಗಡಿಯವನು ಕೇಳಿದ, "ಗೇಮ್ ಆಡ್ತೀರೇನ್ರಿ?"

"ಇಲ್ಲಪ್ಪ, ಹಾಡು."

"ಹಾಡು ಕೇಳಾಕ ಇಷ್ಟ್ ದೊಡ್ಡ ಮಷಿನ್ ಯಾಕ್ರಿ?"

ಆದರೂ ದೊಡ್ಡದನ್ನೇ ತೋರಿಸಿದ. 16 ಜಿಬಿ ರ‍್ಯಾಮ್ ನಾನೇ ಕೇಳಿದ್ದು. 4 ಟಿಬಿ ಡಿಸ್ಕ್ ಬೇಡ ಅಂದೆ. 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ ನಿಮಿಷಕ್ಕೆ 8 ಎಂಬಿ ತಿನ್ನುತ್ತದೆ. ಎಂಟು ಟ್ರ್ಯಾಕಿನ ಐದು ನಿಮಿಷದ ಪದಕ್ಕೆ 320 ಎಂಬಿ. ಅವ್ವನ ಪದಗಳೆಲ್ಲ ಸೇರಿದರೂ 512 ಜಿಬಿಯ ಎಸ್‌ಎಸ್‌ಡಿ ಧಾರಾಳ ಆಯಿತು, ಅದು ಸದ್ದೂ ಮಾಡುವುದಿಲ್ಲ. ಇಲ್ಲಿಯವರೆಗೆ ನಾನು ಜಾಣ. ಆಮೇಲೆ ಅವನು ಬಣ್ಣದ ಲೈಟಿನ ಗ್ರಾಫಿಕ್ಸ್ ಕಾರ್ಡ್ ಹೊತ್ತಿಸಿದ. ಜಾತ್ರೆಯ ತೇರಿನ ಹಾಗೆ ಮಿನುಗಿತು. ಜಾಣತನ ಅಲ್ಲಿಗೆ ಮುಗಿಯಿತು. 750 ವ್ಯಾಟ್ ಪವರ್ ಸಪ್ಲೈ ಜಾಸ್ತಿ ಆಗಲಿಲ್ಲವಾ ಅಂದಿದ್ದಕ್ಕೆ, "ಶಕ್ತಿನಗರದ ಕರೆಂಟ್ ಸ್ಥಾವರ ಬಾಜೂಕs ಐತಲ್ರಿ, 1720 ಮೆಗಾವ್ಯಾಟ್!" ಅಂದ.

ಮೇ ತಿಂಗಳು. ಮೈಕಿಗೆ ಗಾಳಿ ಕೇಳಬಾರದಲ್ಲ, ಸೀಲಿಂಗ್ ಫ್ಯಾನ್, ಕೂಲರ್ ಆರಿಸಿ ಕಿಟಕಿ ಮುಚ್ಚಿದೆ. ಮಾಸ್ತರರು ಬನಿಯನ್ನಿಗೆ ಬಂದರು. ಕೋಣೆ ಕಾದಂತೆ ಕಂಪ್ಯೂಟರಿಗೂ ಸೆಕೆಯಾಯಿತು. ಅದರ ಫ್ಯಾನುಗಳೆಲ್ಲ ಒಟ್ಟಿಗೆ ಎದ್ದವು.

"ಏನೋ ಅದು, ಗಿರಣಿ ಚಾಲೂ ಆತೇನು?" ಅಂದಳು ಅವ್ವ, ಪಲ್ಲವಿಯ ನಡುವೆಯೇ.

ಒಬ್ಬೊಬ್ಬರದೇ ನಾಲ್ಕು ಟ್ರ್ಯಾಕ್ ಹಿಡಿದು ಕೂಡಿಸಿದೆ. ಹಾಡಿದ್ದು ಅವ್ವ ಒಬ್ಬಳೇ, ಗಿರಣಿ ಮಾತ್ರ ನಾಲ್ಕು.

ಹಾಡು ಹಿಡಿಯಲು ಗ್ರಾಫಿಕ್ಸ್ ಕಾರ್ಡ್ ಬೇಕಾಗಿಯೇ ಇಲ್ಲ. ಬಿಚ್ಚಿಬಿಟ್ಟೆ. ತೆರೆಯೇ ಕಪ್ಪಾಯಿತು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಂತ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ನನ್ನದರಲ್ಲಿ ಆ ಎಫ್ ಇತ್ತು. ಬಿಲ್ಲಿನಲ್ಲೂ ಇತ್ತು. ನಾನು ಲೈಟು ನೋಡುತ್ತಿದ್ದೆ. ತೇರನ್ನು ಮತ್ತೆ ಒಳಗೆ ಕೂರಿಸಿದೆ.

ಉಳಿದದ್ದು ಒಂದೇ ದಾರಿ, ಡಬ್ಬಿಯನ್ನೇ ಅಡುಗೆಮನೆಗೆ ಸಾಗಿಸುವುದು. ಮೈಕಿನ ಕಡೆಯಿಂದ ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ಕೇಬಲ್ ಐದು ಮೀಟರಿಗಿಂತ ಉದ್ದ ಇದ್ದರೆ ನೆಚ್ಚಿಕೊಳ್ಳುವ ಹಾಗಿಲ್ಲ. ಅಳೆಯಲು ಟೇಪು ಸಿಗಲಿಲ್ಲ. ಹೆಂಡತಿ ಹಳೇ ಸೀರೆ ತಂದು ಹಾಸಿದಳು. "ಐದೂವರೆ ಮೀಟರ್ ರೀ. ಸೆರಗು ಬಿಟ್ಟು ಅಳೀರಿ." ಸೆರಗು ಬಿಟ್ಟರೆ ಸರಿಯಾಗಿ ಒಲೆಯ ಪಕ್ಕಕ್ಕೆ ಬಂತು. ಅಂದು ಊಟ ಮಧ್ಯಾಹ್ನ ಮೂರಕ್ಕೆ.

ಆದರೆ ಹಾಡಿಕೆ! ಅವ್ವ ಕಣ್ಣು ಮುಚ್ಚಿ ಹಾಡಿದಳು. ಮೊನ್ನೆ ಹಿಡಿದದ್ದೆಲ್ಲ ಅಳಿಸಿ ಈ ಸಲ ಎಲ್ಲರನ್ನೂ ಒಟ್ಟಿಗೇ ಕೂರಿಸಿದ್ದೆ, ಒಬ್ಬೊಬ್ಬರಿಗೂ ಒಂದೊಂದು ಮೈಕು. ಮಾಸ್ತರರಿಗೆ ಅವರ ಧಾ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಮುಗಿದ ಮೇಲೆ ಯಾರೂ ಒಂದು ಗಳಿಗೆ ಮಾತಾಡಲಿಲ್ಲ.

ಕೇಳೋಣ ಅಂತ ಒತ್ತಿದೆ. ತಬಲಾ ಬಂತು, ಹಾರ್ಮೋನಿಯಂ ಬಂತು, ತಾಳ ಬಂತು. ನೋಡಿದರೆ ಅವ್ವನ ಟ್ರ್ಯಾಕಿನ ಕೆಂಪು ಗುಂಡಿಯನ್ನೇ ನಾನು ಒತ್ತಿರಲಿಲ್ಲ.

"ನಂದು ಹೆಂಗ ಬಂದೈತೋ?" ಅಂದಳು ಅವ್ವ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ.

"ಒಂದೀಟೂ ಗಿರಣಿ ಸದ್ದಿಲ್ಲವ್ವ," ಅಂದೆ.