ಕ್ಯಾನ್ಸರ್ ದುಡ್ಡಿದ್ದವರ ಕಾಯಿಲೆಯಾ?

ಕ್ಯಾನ್ಸರ್ ಪೇಟೆಯ ಶ್ರೀಮಂತರಿಗೆ ಬರುವ ಕಾಯಿಲೆ, ಗಂಜಿ ಉಂಡು ತೋಟದಲ್ಲಿ ದುಡಿಯುವವರಿಗೆ ಬರಲ್ಲ ಅನ್ನೋ ಫಾರ್ವರ್ಡ್ ನಮ್ಮ ಮಲೆನಾಡಿನ ಗ್ರೂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಇದು ತಪ್ಪು. ಕಳಿಸುವವರನ್ನು ಬೈಯಬೇಕಿಲ್ಲ, ಅದರಲ್ಲಿ ಅರ್ಧ ನಿಜವಿದೆ: ಸ್ತನ ಕ್ಯಾನ್ಸರ್ ನಗರಗಳಲ್ಲೇ ಜಾಸ್ತಿ ದಾಖಲಾಗುತ್ತದೆ. ಆದರೆ ಬಾಯಿಯ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಹೆಚ್ಚು ಕಾಡುವುದು ಬಡವರನ್ನೇ. ತಂಬಾಕು ಇಲ್ಲದೆ ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದು ಅಂತ ತಜ್ಞರು 2004ರಲ್ಲೇ ಹೇಳಿದ್ದಾರೆ. ಅಡಿಕೆ ಬೆಳೆಯುವ ನಮಗೆ ಇದು ಕಹಿ ಮಾತೇ, ಅಲ್ವಾ?

ಇನ್ನು ಬದುಕುಳಿಯುವ ವಿಷಯ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಸ್ತನ ಕ್ಯಾನ್ಸರ್ ಪತ್ತೆಯಾದ ಮೇಲೆ 5 ವರ್ಷ ಬದುಕುವವರು ಅಮೆರಿಕದಲ್ಲಿ ನೂರಕ್ಕೆ ಸುಮಾರು 90, ಭಾರತದಲ್ಲಿ ಸುಮಾರು 66. ನಮ್ಮಲ್ಲಿ ಕಾಯಿಲೆ ಗೊತ್ತಾಗುವುದೇ ತಡ. ಬಾಯಲ್ಲಿ ಬಿಳಿ ಮಚ್ಚೆ ಎದ್ದರೂ ಅಡಿಕೆ ಕೊಯ್ಲು ಮುಗೀಲಿ ಅಂತ ಕಾಯುತ್ತಾರೆ, ಶಿವಮೊಗ್ಗಕ್ಕೆ ಹೋಗಿ ಬಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಯ್ತು, ಹಾಗಾಗಿ ಮುಂದಿನ ವಾರ ನೋಡೋಣ ಅಂತಾರೆ, ಆ ವಾರ ಬರುವುದೇ ಇಲ್ಲ.

ಇಂಥ ಮೆಸೇಜ್ ಬಂದಾಗ ಯಾವ ಕ್ಯಾನ್ಸರ್, ಯಾವ ವರ್ಷದ ಲೆಕ್ಕ, ಕಾಯಿಲೆ ಬರುವವರ ಲೆಕ್ಕವೋ ಬದುಕುವವರದ್ದೋ ಅಂತ ನೋಡಿ. ಒಂದೂ ಇಲ್ಲದಿದ್ದರೆ ಸುಮ್ನೆ ಮುಂದೆ ಕಳಿಸಬೇಡಿ. ದೇಶದ ಕ್ಯಾನ್ಸರ್ ನೋಂದಣಿ ವರದಿಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದು ಕಷ್ಟ ಅನ್ನಿಸಿದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಎಲ್ಲಿ ಯಾವಾಗ ಮಾಡುತ್ತಾರೆ ಅಂತ ಅವರೇ ಹೇಳುತ್ತಾರೆ.