ಕಲ್ಲಿನ ಬಿಳಿ ಗೆರೆ: ಒಂದು ಸ್ಪಷ್ಟನೆ

‘ಕಲ್ಲಿನಲ್ಲಿ ಬಿಳಿ ಗೆರೆ ಕಂಡರೆ ತಗೋಬೇಡಿ, ಅಲ್ಲೇ ಸೀಳುತ್ತೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಆ ಗೆರೆ ಎಷ್ಟೋ ಸಲ ಹಳೆಯ ಬಿರುಕೇ. ಆದರೆ ನೆಲದಾಳದ ಬಿಸಿನೀರು ಹೊತ್ತು ತಂದ ಖನಿಜ ಅದನ್ನು ತುಂಬಿ ಬೆಸೆದಿರುತ್ತದೆ. ಏನು ತುಂಬಿದೆ ಅನ್ನೋದೇ ಮುಖ್ಯ. ಬೆಣಚುಕಲ್ಲಾದರೆ ಬೆಸುಗೆ ಗಟ್ಟಿ. ಕೆಲವೊಮ್ಮೆ ಗೆರೆ ಬಿಟ್ಟು ಪಕ್ಕದಲ್ಲೇ ಒಡೆಯುತ್ತದೆ. ಕ್ಯಾಲ್ಸೈಟ್ (ಸುಣ್ಣದಂಶದ ಖನಿಜ) ಮೆದು, ಸಲೀಸಾಗಿ ಸೀಳುತ್ತದೆ. ಜೇಡಿ ತುಂಬಿದ್ದರಂತೂ ಒದ್ದೆಯಾದಾಗ ಜಾರುತ್ತದೆ.

ಚಾಕುವಿನ ತುದಿಯಿಂದ ಗೀರಿ ನೋಡಿ (ಅಂಗಡಿಯವರನ್ನು ಕೇಳಿ!). ಕ್ಯಾಲ್ಸೈಟ್‌ಗೆ ಗೀರು ಬೀಳುತ್ತದೆ, ಬೆಣಚಿಗೆ ಬೀಳಲ್ಲ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪನದಲ್ಲಿ ಕ್ಯಾಲ್ಸೈಟ್ 3, ಬೆಣಚು 7.

ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಕಂಬದಲ್ಲಿ ಮೆದು ಗೆರೆ ಓರೆಯಾಗಿದ್ದರೆ ಜಾರುವ ಅಪಾಯ ಜಾಸ್ತಿ. ಮಟ್ಟಸವಾಗಿದ್ದರೆ ಮೇಲಿನ ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ.